ಸಂಧಿಕಾಲದ ಹೊಣೆ

ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವ ಗೃಹಸ್ಥನು ಅಷ್ಟು ದಿನ ಬಾಡಿಗೆಯ ಮನೆಯಲ್ಲಿ ಇರುತ್ತಾನೆ. ಕೆರೆಯ ತೂಬನ್ನು ಸರಿಮಾಡಿಸುವ ಊರಿನವರು ನೀರಿಳಿಯುವ ಬೇಸಗೆಯನ್ನು ಕಾಯುತ್ತಾರೆ. ಆದರೆ ಒಂದು ಗಳಿಗೆಯೂ ನಿಲ್ಲಿಸಲಾಗದ, ಹಾಗೆಂದು ಹಳೆಯದಾಗಿಯೇ ಬಿಟ್ಟುಬಿಡಲೂ ಆಗದ ವ್ಯವಸ್ಥೆಗಳು ಕೆಲವುಂಟು. ಆಕಾಶದಲ್ಲಿ ಸಂಚರಿಸುವ ವಿಮಾನಗಳು ಒಂದಕ್ಕೊಂದು ತಾಗದಂತೆ ನೆಲದಿಂದ ದಾರಿ ತೋರಿಸುವ ವಿಮಾನಸಂಚಾರ ನಿಯಂತ್ರಣವು ಅಂಥವುಗಳಲ್ಲೊಂದು. ಅದಕ್ಕೆ ಬೇಸಗೆಯೆಂಬುದಿಲ್ಲ, ಬಾಡಿಗೆಯ ಮನೆಯೂ ಇಲ್ಲ. ಹಳೆಯ ಯಂತ್ರವನ್ನು ಕಳಚಿ ಹೊಸದನ್ನು ಜೋಡಿಸುವ ಕೆಲಸವೆಲ್ಲವೂ ಸಾವಿರಾರು ಪ್ರಯಾಣಿಕರು ತಲೆಯ ಮೇಲೆ ಹಾದುಹೋಗುತ್ತಿರುವಾಗಲೇ ನಡೆಯಬೇಕು. ಇದರಲ್ಲಿ ಅಪಾಯವುಂಟೆಂಬುದನ್ನು ಯಾರೂ ಅಲ್ಲಗಳೆಯರು. ಆ ಅಪಾಯವನ್ನು ಹೊರತಕ್ಕವರು ಯಾರು, ಕೆಡುಕಾದಲ್ಲಿ ಉತ್ತರ ಹೇಳತಕ್ಕವರು ಯಾರು, ಎಂಬುದು ಯಂತ್ರಶಾಸ್ತ್ರಜ್ಞರಿಗೆ ಬಿಟ್ಟುಬಿಡಬಹುದಾದ ಪ್ರಶ್ನೆಯಲ್ಲ. ಅದು ಧರ್ಮದ ಪ್ರಶ್ನೆ.

ನಿಯಂತ್ರಕನ ಕೆಲಸವೇನೆಂಬುದನ್ನು ಮೊದಲು ನೋಡತಕ್ಕದ್ದು. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಅದು ಪ್ರಮಾಣಗಳನ್ನು ಕೂಡಿಸುವ ಕೆಲಸ. ಕಣ್ಣಿಗೆ ಕಾಣದ ವಿಮಾನವು ಈಗ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಇನ್ನು ಐದು ನಿಮಿಷಕ್ಕೆ ಎಲ್ಲಿರುವುದು ಎಂಬ ಜ್ಞಾನ ಆತನಿಗೆ ಬೇಕು. 1920ರಲ್ಲಿ ಲಂಡನ್ನಿನ ಬಳಿ ಕ್ರಾಯ್ಡನ್ನಿನಲ್ಲಿ ನಿಯಂತ್ರಣಗೋಪುರವೊಂದು ಎದ್ದಿತು. ಆ ಮೊದಲ ದಶಕಗಳಲ್ಲಿ ಈ ಜ್ಞಾನಕ್ಕೆ ಇದ್ದ ಆಧಾರಗಳು ಎರಡೇ: ಚಾಲಕನು ರೇಡಿಯೋದಲ್ಲಿ ಹೇಳಿದ ಮಾತು, ಅಂದರೆ ಶಬ್ದಪ್ರಮಾಣ, ಆ ಮಾತನ್ನೂ ಗಡಿಯಾರವನ್ನೂ ವೇಗವನ್ನೂ ಕೂಡಿಸಿ ಮಾಡಿದ ಲೆಕ್ಕ, ಅಂದರೆ ಅನುಮಾನ. ಎರಡನೆಯ ಮಹಾಯುದ್ಧದ ತರುವಾಯ ರೇಡಾರ್ ಬಂದಿತು. ಅದು ಬಹುಮಟ್ಟಿಗೆ ಪ್ರತ್ಯಕ್ಷ. ತಾನೇ ಅಲೆಯನ್ನು ಕಳುಹಿ, ವಿಮಾನದ ಮೈಗೆ ತಾಗಿ ಹಿಂದಿರುಗಿದ ಪ್ರತಿಧ್ವನಿಯಿಂದ ಅದರ ಇರವನ್ನು ಕಾಣುತ್ತದೆ. ವಿಮಾನವು ಬಾಯಿಬಿಟ್ಟು ಹೇಳಬೇಕಾದುದಿಲ್ಲ. ಆದರೆ ಈ ಪ್ರಾಥಮಿಕ ರೇಡಾರಿನ ಪ್ರತ್ಯಕ್ಷವು ಮಸಕಾದುದು. ತೆರೆಯ ಮೇಲೆ ಕಾಣುವುದು ಒಂದು ಚುಕ್ಕಿ. ಅದರ ಹೆಸರೇನು, ಎತ್ತರವೆಷ್ಟು ಎಂಬುದು ಅದರಿಂದ ತಿಳಿಯದು. ಆದುದರಿಂದ ದ್ವಿತೀಯಕ ರೇಡಾರ್ ಎಂಬುದನ್ನು ತಂದರು. ಅದು ನೆಲದಿಂದ ಪ್ರಶ್ನೆ ಕೇಳುತ್ತದೆ. ವಿಮಾನದೊಳಗಿನ ಯಂತ್ರವು ತನ್ನ ಗುರುತನ್ನೂ ಎತ್ತರವನ್ನೂ ಉತ್ತರವಾಗಿ ಹೇಳುತ್ತದೆ. ಇನ್ನು ಇತ್ತೀಚಿನ ಕ್ರಮದಲ್ಲಿ ವಿಮಾನವು ಉಪಗ್ರಹಗಳಿಂದ ತನ್ನ ಸ್ಥಾನವನ್ನು ತಾನೇ ಲೆಕ್ಕಹಾಕಿಕೊಂಡು, ಯಾರೂ ಕೇಳದೆಯೇ, ಕ್ಷಣಕ್ಷಣಕ್ಕೂ ಸಾರುತ್ತ ಹೋಗುತ್ತದೆ. ಅಮೆರಿಕ ದೇಶದಲ್ಲಿ ಹೆಚ್ಚಿನ ಪ್ರದೇಶಗಳಲ್ಲಿ ಇದು 2020ರ ಆರಂಭದಿಂದ ಕಡ್ಡಾಯವಾಗಿದೆ. ಯಂತ್ರವು ಹೊಸದಾದಂತೆಲ್ಲ ಜ್ಞಾನವು ಪ್ರತ್ಯಕ್ಷಕ್ಕೆ ಸಮೀಪವಾಗುವುದೆಂದು ಸಾಮಾನ್ಯರ ನಂಬಿಕೆ. ಇಲ್ಲಿ ನಡೆದಿರುವುದು ಅದರ ವಿಪರೀತ. ಪ್ರತ್ಯಕ್ಷದಿಂದ ಹೊರಟು ಮತ್ತೆ ಶಬ್ದಕ್ಕೇ ಬಂದು ನಿಂತಂತಾಯಿತು. ಶಬ್ದವು ಪ್ರಮಾಣವಾಗುವುದು ಹೇಳುವವನು ಆಪ್ತನಾದಾಗ ಮಾತ್ರ ಎಂಬುದನ್ನು ನ್ಯಾಯಶಾಸ್ತ್ರದ ಮೊದಲ ಪಾಠ ಓದಿದವರೂ ಬಲ್ಲರು. ಈ ಮಾತು ಮುಂದೆ ಬೇಕಾಗುವುದು.

ಹಳೆಯದನ್ನು ಮುಟ್ಟದಿರುವುದೇ ಲೇಸೆಂಬ ಪಕ್ಷವೊಂದುಂಟು. ಬಹುಕಾಲ ನಡೆದು ಬಂದುದು ಪರೀಕ್ಷಿತವಾದುದು, ಹೊಸದರ ದೋಷಗಳು ಇನ್ನೂ ಬಯಲಾಗಿಲ್ಲ, ಆದುದರಿಂದ ನಡೆಯುವಷ್ಟು ದಿನ ನಡೆಯಲಿ ಎಂಬುದು ಅವರ ವಾದ. ಇದಕ್ಕೆ ಉತ್ತರವು ಹರಿಯಾಣದ ಚರ್ಖೀ ದಾದ್ರಿಯ ಹೊಲಗಳಲ್ಲಿ ದೊರೆಯುತ್ತದೆ. 1996ನೆಯ ಇಸವಿ ನವಂಬರ್ 12ರ ಸಂಜೆ ದಿಲ್ಲಿಯಿಂದ ಮೇಲೇರುತ್ತಿದ್ದ ಸೌದಿ ಅರೇಬಿಯದ ಬೋಯಿಂಗ್ ವಿಮಾನವೂ ದಿಲ್ಲಿಗೆ ಇಳಿದುಬರುತ್ತಿದ್ದ ಕಜಕಸ್ತಾನದ ಇಲ್ಯೂಷಿನ್ ವಿಮಾನವೂ ಆ ಊರಿನ ಮೇಲೆ ಢಿಕ್ಕಿಹೊಡೆದು 349 ಮಂದಿ ಸತ್ತರು. ಎರಡು ವಿಮಾನಗಳಲ್ಲಿಯೂ ಒಬ್ಬರೂ ಉಳಿಯಲಿಲ್ಲ. ಆಕಾಶದಲ್ಲಿ ನಡೆದ ಢಿಕ್ಕಿಗಳಲ್ಲಿ ಇದಕ್ಕಿಂತ ಘೋರವಾದುದು ಇಂದಿಗೂ ಮತ್ತೊಂದಿಲ್ಲ. ಒಂದಕ್ಕೆ 14,000 ಅಡಿ, ಇನ್ನೊಂದಕ್ಕೆ 15,000 ಅಡಿ ಎಂದು ಎತ್ತರವನ್ನು ಗೊತ್ತುಮಾಡಿತ್ತು. ಇಳಿಯುತ್ತಿದ್ದ ವಿಮಾನವು ತನಗೆ ಹೇಳಿದ ಎತ್ತರಕ್ಕಿಂತ ಕೆಳಗೆ ಹೋಯಿತು. ತಪ್ಪು ಆ ವಿಮಾನದವರದೆಂದು ನ್ಯಾಯಮೂರ್ತಿ ಲಾಹೋಟಿಯವರ ವಿಚಾರಣೆಯಿಂದ ಗೊತ್ತಾಯಿತು. ಇಷ್ಟೇ ಆಗಿದ್ದರೆ ಅದು ಚಾಲಕರ ದೋಷವೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಆ ದಿನ ದಿಲ್ಲಿಯ ನಿಯಂತ್ರಕನ ಮುಂದಿದ್ದುದು ಎತ್ತರವನ್ನು ತೋರಿಸದ ಪ್ರಾಥಮಿಕ ರೇಡಾರ್. ಎರಡು ಚುಕ್ಕಿಗಳು ಹತ್ತಿರವಾಗುವುದು ಅದರಲ್ಲಿ ಕಾಣುತ್ತಿತ್ತು. ನಡುವೆ ಸಾವಿರ ಅಡಿ ಉಳಿದಿದೆಯೇ ಇಲ್ಲವೇ ಎಂಬುದು ಕಾಣುತ್ತಿರಲಿಲ್ಲ. ಹೋಗುವ ವಿಮಾನಕ್ಕೂ ಬರುವ ವಿಮಾನಕ್ಕೂ ಇದ್ದುದು ಒಂದೇ ದಾರಿ. ಆ ದುರಂತದ ತರುವಾಯ ದಾರಿಗಳು ಬೇರೆಯಾದವು, ರೇಡಾರ್ ಬಂದಿತು, ಢಿಕ್ಕಿ ತಪ್ಪಿಸುವ ಯಂತ್ರವನ್ನು ವಿಮಾನಗಳಲ್ಲಿ ಕಡ್ಡಾಯ ಮಾಡಲಾಯಿತು. ಕಾಲ ಮೀರಿದ ಉಪಕರಣವನ್ನು ಇಟ್ಟುಕೊಂಡಿರುವುದೂ ಒಂದು ಕ್ರಿಯೆಯೇ, ಅದಕ್ಕೂ ಫಲವುಂಟು, ಆ ಫಲವನ್ನು ಉಣ್ಣುವವರು ನಿರ್ಧಾರ ಮಾಡಿದವರಲ್ಲ. ಆದುದರಿಂದ ಹಳೆಯದರಲ್ಲಿಯೇ ನಿಲ್ಲುವ ಪಕ್ಷವನ್ನು ಇಲ್ಲಿಗೆ ಬಿಡಬಹುದು.

ಆದರೆ ಹೊಸದನ್ನು ತರುವೆವೆಂಬ ಸಂಕಲ್ಪದಿಂದಲೇ ಎಲ್ಲವೂ ಸರಿಹೋಗುವುದಿಲ್ಲ. ಇಟಲಿಯ ಮಿಲಾನ್ ನಗರದ ಲಿನಾತೆ ವಿಮಾನನಿಲ್ದಾಣದಲ್ಲಿ ನೆಲದ ಮೇಲಿನ ವಿಮಾನಗಳನ್ನು ತೋರಿಸುವ ಒಂದು ರೇಡಾರ್ ಇದ್ದಿತು. ಅದು ಹಳೆಯದಾಯಿತೆಂದು 1999ರಲ್ಲಿ ನಿಲ್ಲಿಸಿದರು. ಅದರ ಬದಲಿಗೆ ಬರಬೇಕಾಗಿದ್ದ ಹೊಸ ರೇಡಾರ್ ಎರಡು ವರ್ಷ ಕಳೆದರೂ ಕೆಲಸಕ್ಕೆ ಬಂದಿರಲಿಲ್ಲ. 2001ರ ಅಕ್ಟೋಬರ್ 8ರ ಬೆಳಗ್ಗೆ ದಟ್ಟವಾದ ಮಂಜಿನಲ್ಲಿ ಒಂದು ಸಣ್ಣ ವಿಮಾನವು ದಾರಿ ತಪ್ಪಿ, ಮೇಲೇರಲು ಓಡುತ್ತಿದ್ದ ದೊಡ್ಡ ವಿಮಾನದ ಎದುರಿಗೆ ಬಂದಿತು. 118 ಮಂದಿ ಮಡಿದರು. ಹಳೆಯ ಯಂತ್ರವನ್ನು ದೂಷಿಸುವಂತಿಲ್ಲ, ಅದು ಅಲ್ಲಿರಲಿಲ್ಲ. ಹೊಸದನ್ನು ದೂಷಿಸುವಂತಿಲ್ಲ, ಅದು ಇನ್ನೂ ಬಂದಿರಲಿಲ್ಲ. ಎರಡರ ನಡುವಣ ಎರಡು ವರ್ಷಗಳು ಯಾರ ಹೆಸರಿನಲ್ಲಿ ಬರೆದುಕೊಂಡಿದ್ದವು?

ಈ ನಡುವಣ ಕಾಲವನ್ನು ಸಂಧಿಕಾಲವೆನ್ನಬಹುದು. ಹಗಲೂ ಅಲ್ಲದ ಇರುಳೂ ಅಲ್ಲದ ಸಂಧ್ಯೆಯಲ್ಲಿ ಹೆಚ್ಚು ಎಚ್ಚರವಾಗಿರಬೇಕೆಂದು ಹಿರಿಯರು ವಿಧಿಸಿದ್ದು ಬರಿಯ ಆಚಾರವೆಂದು ನಗುವವರುಂಟು. ಅವರು ಲಿನಾತೆಯ ಮರುವರ್ಷ ಜರ್ಮನಿಯಲ್ಲಿ ನಡೆದುದನ್ನು ಸ್ವಲ್ಪ ವಿವರವಾಗಿ ನೋಡಲಿ.

ಜರ್ಮನಿಯ ದಕ್ಷಿಣದ ಅಂಚಿನಲ್ಲಿ ಊಬರ್‌ಲಿಂಗೆನ್ ಎಂಬ ಊರು. ಆ ಭಾಗದ ಆಕಾಶದ ನಿಯಂತ್ರಣ ಮಾತ್ರ ಸ್ವಿಟ್ಜರ್ಲೆಂಡಿನ ಜೂರಿಕ್ಕಿನಲ್ಲಿದ್ದ ಸ್ಕೈಗೈಡ್ ಸಂಸ್ಥೆಯ ಕೈಯಲ್ಲಿ. 2002ನೆಯ ಇಸವಿ ಜುಲೈ 1ರ ರಾತ್ರಿ ಆ ಕೇಂದ್ರದಲ್ಲಿ ಯಂತ್ರಗಳ ಸುಧಾರಣೆಯ ಕೆಲಸ ನಡೆಯುತ್ತಲಿತ್ತು. ಅದಕ್ಕಾಗಿ ರೇಡಾರ್ ವ್ಯವಸ್ಥೆಯನ್ನು ಕಡಮೆ ಶಕ್ತಿಯ ಸ್ಥಿತಿಯಲ್ಲಿಟ್ಟಿದ್ದರು. ವಿಮಾನಗಳು ಹತ್ತಿರವಾದರೆ ತೆರೆಯ ಮೇಲೆ ಕಾಣಿಸಬೇಕಾದ ಎಚ್ಚರಿಕೆಯು ಆ ಸ್ಥಿತಿಯಲ್ಲಿ ಕಾಣಿಸುತ್ತಿರಲಿಲ್ಲ. ನೆರೆಯ ಕೇಂದ್ರಗಳೊಡನೆ ಮಾತನಾಡುವ ಟೆಲಿಫೋನಿನ ಮುಖ್ಯ ತಂತಿಗಳನ್ನೂ ಕಳಚಿದ್ದರು. ಬದಲಿ ಟೆಲಿಫೋನು ಕೆಟ್ಟಿತ್ತು. ರಾತ್ರಿ ಸಂಚಾರ ವಿರಳವಾದಾಗ ಇಬ್ಬರು ನಿಯಂತ್ರಕರಲ್ಲಿ ಒಬ್ಬನು ವಿಶ್ರಾಂತಿಗೆ ಹೋಗುವುದು ಅಲ್ಲಿ ಬಹುಕಾಲದ ರೂಢಿ. ಮೇಲಿನವರಿಗೆ ಅದು ತಿಳಿದಿತ್ತು, ಅವರು ತಡೆದಿರಲಿಲ್ಲ. ಉಳಿದವನು ಒಬ್ಬನೇ ಎರಡು ಪೀಠಗಳ ನಡುವೆ ಓಡಾಡುತ್ತಿದ್ದನು. ಈ ಕೆಲಸದಿಂದ ತನ್ನ ಉಪಕರಣಗಳಲ್ಲಿ ಏನೇನು ಇಲ್ಲವಾಗಿದೆಯೆಂಬುದನ್ನು ಆತನಿಗೆ ಯಾರೂ ಸ್ಪಷ್ಟವಾಗಿ ತಿಳಿಸಿರಲಿಲ್ಲ. ತಡವಾಗಿ ಬಂದ ಒಂದು ವಿಮಾನವನ್ನು ಸಮೀಪದ ನಿಲ್ದಾಣಕ್ಕೆ ಒಪ್ಪಿಸಲು ಆತನು ಟೆಲಿಫೋನಿನೊಡನೆ ಹೆಣಗುತ್ತಿದ್ದಾಗ, 36,000 ಅಡಿಯಲ್ಲಿ ಒಂದು ಸರಕಿನ ವಿಮಾನವೂ ರಷ್ಯದ ಮಕ್ಕಳು ತುಂಬಿದ್ದ ಒಂದು ವಿಮಾನವೂ ಅಡ್ಡಡ್ಡಲಾಗಿ ಹತ್ತಿರವಾಗುತ್ತಿದ್ದವು. ಜರ್ಮನಿಯ ಕಾರ್ಲ್‌ಸ್‌ರೂಹೆಯ ನಿಯಂತ್ರಕರು ತಮ್ಮ ತೆರೆಯ ಮೇಲೆ ಇದನ್ನು ಕಂಡು ಜೂರಿಕ್ಕನ್ನು ಮತ್ತೆ ಮತ್ತೆ ಕರೆದರು. ಕರೆ ಸೇರಲಿಲ್ಲ. ನೋಡಿದವರಿಗೆ ಹೇಳುವ ದಾರಿಯಿರಲಿಲ್ಲ, ಹೇಳತಕ್ಕವನಿಗೆ ನೋಡುವ ಬಿಡುವಿರಲಿಲ್ಲ.

ಕೊನೆಯ ನಿಮಿಷದಲ್ಲಿ ಆತನು ಕಂಡನು. ರಷ್ಯದ ವಿಮಾನಕ್ಕೆ ಇಳಿಯೆಂದು ಅಪ್ಪಣೆ ಕೊಟ್ಟನು. ಅದೇ ಗಳಿಗೆಯಲ್ಲಿ ಆ ವಿಮಾನದೊಳಗಿದ್ದ ಢಿಕ್ಕಿ ತಪ್ಪಿಸುವ ಯಂತ್ರವು ಏರೆಂದು ಕೂಗಿತು. ಇನ್ನೊಂದು ವಿಮಾನದ ಯಂತ್ರವು ಆ ವಿಮಾನಕ್ಕೆ ಇಳಿಯೆಂದಿತು. ರಷ್ಯದವರು ಮನುಷ್ಯನ ಮಾತನ್ನು ಕೇಳಿದರು, ಸರಕಿನ ವಿಮಾನದವರು ಯಂತ್ರದ ಮಾತನ್ನು ಕೇಳಿದರು, ಎರಡೂ ಇಳಿದವು. 71 ಮಂದಿ ಸತ್ತರು. ಎರಡು ಆಪ್ತವಾಕ್ಯಗಳು ಒಂದಕ್ಕೊಂದು ವಿರುದ್ಧವಾದಾಗ ಯಾವುದು ಬಲವತ್ತರವೆಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ಮೀಮಾಂಸಕರು ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಯಾವುದನ್ನು ಹಿಡಿಯಬೇಕೆಂದು ಅಷ್ಟು ಕಷ್ಟಪಟ್ಟು ನಿರ್ಣಯಿಸಿದ್ದು ಇದೇ ಕಾರಣಕ್ಕೆ. ವಿಮಾನಗಳ ಲೋಕದಲ್ಲಿ ಆಗ ಆ ನಿರ್ಣಯವು ಸಂದಿಗ್ಧವಾಗಿತ್ತು. ಒಂದು ಗ್ರಂಥದಲ್ಲಿ ಒಂದು ರೀತಿ, ಮತ್ತೊಂದರಲ್ಲಿ ಮತ್ತೊಂದು ರೀತಿ. ಹಳೆಯ ಮಾನುಷ ವ್ಯವಸ್ಥೆಯ ಮೇಲೆ ಹೊಸ ಯಂತ್ರವನ್ನು ತಂದು ಕೂರಿಸಿದರು. ಎರಡರ ತಾರತಮ್ಯವನ್ನು ಹೇಳಲಿಲ್ಲ. ಯಂತ್ರದ ಸೂಚನೆಯೇ ಮೇಲು, ನಿಯಂತ್ರಕನ ಅಪ್ಪಣೆ ಅದಕ್ಕೆ ವಿರುದ್ಧವಾದರೂ ಯಂತ್ರವನ್ನೇ ಅನುಸರಿಸತಕ್ಕದ್ದು ಎಂಬ ನಿಯಮ ಸ್ಪಷ್ಟವಾದುದು ಆ ಮಕ್ಕಳು ಸತ್ತ ಮೇಲೆ. ಹದಿನೇಳು ತಿಂಗಳ ಹಿಂದೆ, 2001ರ ಜನವರಿ 31ರಂದು, ಜಪಾನಿನ ಸುರುಗಾ ಕೊಲ್ಲಿಯ ಬಳಿ ಇಂಥದೇ ವಿರೋಧದಿಂದ ಎರಡು ದೊಡ್ಡ ವಿಮಾನಗಳು ಕೂದಲೆಳೆಯಷ್ಟರಲ್ಲಿ ತಪ್ಪಿಕೊಂಡಿದ್ದವು. ಆ ಎಚ್ಚರಿಕೆಯು ಲೋಕದ ನಿಯಮವಾಗಲು ಹದಿನೇಳು ತಿಂಗಳು ಸಾಲದೆ ಹೋಯಿತು.

ಊಬರ್‌ಲಿಂಗೆನ್ನಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ವಿಮಾನದಲ್ಲಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಒಬ್ಬ ತಂದೆಯು 2004ರ ಫೆಬ್ರವರಿಯಲ್ಲಿ ಆ ನಿಯಂತ್ರಕನ ಮನೆಗೆ ಹೋಗಿ ಆತನನ್ನು ಇರಿದು ಕೊಂದನು. ದುಃಖವು ಎದುರಿಗೆ ಕಾಣುವ ಮುಖವನ್ನೇ ಹುಡುಕುತ್ತದೆ. ತಂತಿಯನ್ನು ಕಳಚಲು ಹೇಳಿದ ಕಾಗದಕ್ಕೆ ಮುಖವಿರುವುದಿಲ್ಲ. ರಾತ್ರಿಯ ಪೀಠದಲ್ಲಿ ಕುಳಿತವನಿಗೆ ಮುಖವಿರುತ್ತದೆ. ಆದರೆ 2007ರಲ್ಲಿ ಸ್ವಿಸ್ ನ್ಯಾಯಸ್ಥಾನವು ಸಂಸ್ಥೆಯ ಎಂಟು ಮಂದಿಯನ್ನು ವಿಚಾರಿಸಿ ನಾಲ್ವರನ್ನು ಅಪರಾಧಿಗಳೆಂದೂ ನಾಲ್ವರನ್ನು ನಿರ್ದೋಷಿಗಳೆಂದೂ ತೀರ್ಮಾನಿಸಿತು. ಶಿಕ್ಷೆ ಲಘುವಾಗಿತ್ತು, ಮೂವರಿಗೆ ಅಮಾನತಿನಲ್ಲಿಟ್ಟ ಸೆರೆ, ಒಬ್ಬನಿಗೆ ಜುಲ್ಮಾನೆ. ಹಗುರವೆನ್ನುವವರು ಅನ್ನಲಿ, ಆ ತೀರ್ಪಿನಲ್ಲಿ ಒಂದು ದೊಡ್ಡ ವಿಷಯವುಂಟು. ಹೊಣೆಯ ಗೆರೆಯನ್ನು ಕೊನೆಯ ಕೈಯಲ್ಲಿ ನಿಲ್ಲಿಸದೆ ಮೇಲಕ್ಕೆ ಎಳೆದ ತೀರ್ಪು ಅದು. ಜಪಾನಿನಲ್ಲಿ ಆದುದು ಬೇರೆ. ಸುರುಗಾ ಕೊಲ್ಲಿಯ ಪ್ರಕರಣದಲ್ಲಿ ವಿಮಾನದ ಸಂಖ್ಯೆಯನ್ನು ತಪ್ಪಿ ಹೇಳಿದ, ಇನ್ನೂ ಕೆಲಸ ಕಲಿಯುತ್ತಿದ್ದ ನಿಯಂತ್ರಕನನ್ನೂ ಆತನ ಮೇಲೆ ನಿಗಾ ಇಟ್ಟಿದ್ದ ಹಿರಿಯಳನ್ನೂ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ತಪ್ಪಿತಸ್ಥರೆಂದು ಎತ್ತಿಹಿಡಿಯಿತು. ಬಾಯಿತಪ್ಪಿದ ಮಾತಿಗೆ ಶಿಕ್ಷೆಯಾದರೆ ಇನ್ನು ಮುಂದೆ ಬಾಯಿತಪ್ಪಿದವರು ಅದನ್ನು ಒಪ್ಪಿಕೊಳ್ಳುವರೇ ಎಂಬುದನ್ನು ನ್ಯಾಯಾಧೀಶರು ಎಷ್ಟರ ಮಟ್ಟಿಗೆ ಯೋಚಿಸಿದರೋ! ವಿಮಾನಗಳ ಕ್ಷೇಮವು ಬಹುಪಾಲು ಇಂಥ ಒಪ್ಪಿಗೆಗಳಿಂದಲೇ ಬೆಳೆದುಬಂದುದು.

ಧರ್ಮಶಾಸ್ತ್ರಗಳಲ್ಲಿ ನಿಕ್ಷೇಪವೆಂಬ ಪ್ರಕರಣವುಂಟು. ಒಬ್ಬನು ತನ್ನ ಒಡವೆಯನ್ನು ಇನ್ನೊಬ್ಬನಲ್ಲಿ ನಂಬಿ ಇಟ್ಟನು, ಅದು ಹಾಳಾಯಿತು, ಇಟ್ಟುಕೊಂಡವನು ಕೊಡಬೇಕೇ ಬೇಡವೇ? ದೈವದಿಂದಲೋ ರಾಜನಿಂದಲೋ ಕಳ್ಳರಿಂದಲೋ ಹೋದರೆ ಕೊಡಬೇಕಾಗಿಲ್ಲ, ತನ್ನ ಉಪೇಕ್ಷೆಯಿಂದ ಹೋದರೆ ಕೊಡಬೇಕು ಎಂಬುದು ಸಾರ. ವಿಮಾನ ಹತ್ತಿದ ಪ್ರಯಾಣಿಕನು ಇಟ್ಟ ನಿಕ್ಷೇಪವು ಪ್ರಾಣ. ಆತನು ಟಿಕೆಟ್ಟು ಕೊಳ್ಳುವಾಗ ಈ ರಾತ್ರಿ ಟೆಲಿಫೋನಿನ ತಂತಿ ಕಳಚಿದೆಯೆಂದು ಯಾರೂ ಹೇಳಲಿಲ್ಲ. ಅಪಾಯಕ್ಕೆ ಒಪ್ಪಿದನೆಂದು ಹೇಳಬೇಕಾದರೆ ಅಪಾಯವು ಆತನಿಗೆ ತಿಳಿದಿರಬೇಕಷ್ಟೆ? ಸಿಡಿಲು ಬಡಿದು ರೇಡಾರ್ ಸುಟ್ಟರೆ ಅದು ದೈವ. ಗೊತ್ತುಮಾಡಿದ ರಾತ್ರಿ, ಗೊತ್ತುಮಾಡಿದ ಗಳಿಗೆಗೆ, ಕೈಯಾರೆ ನಿಲ್ಲಿಸಿದ ಯಂತ್ರದಲ್ಲಿ ದೈವದ ಪಾಲೆಷ್ಟು? ಸಂಧಿಕಾಲದ ವಿಶೇಷವೇ ಇದು: ಆಗಿನ ಕೊರತೆಗಳೆಲ್ಲ ಮೊದಲೇ ತಿಳಿದವು. ತಿಳಿದ ಕೊರತೆಯನ್ನು ತುಂಬದಿರುವುದಕ್ಕೆ ಉಪೇಕ್ಷೆಯಲ್ಲದೆ ಬೇರೆ ಹೆಸರಿಲ್ಲ.

ಹಾಗಾದರೆ ಎಲ್ಲಕ್ಕೂ ಒಂದೊಂದು ಬದಲಿಯನ್ನು ಇಟ್ಟುಕೊಂಡರಾಯಿತಲ್ಲವೆ ಎಂದು ಶಂಕೆ ಹುಟ್ಟಬಹುದು. ಇಂಗ್ಲೆಂಡಿನವರು ಹಾಗೆಯೇ ಇಟ್ಟುಕೊಂಡಿದ್ದರು. ವಿಮಾನಗಳ ಪ್ರಯಾಣಪತ್ರಗಳನ್ನು ಓದಿ ನಿಯಂತ್ರಕರಿಗೆ ಒಪ್ಪಿಸುವ ಅವರ ಯಂತ್ರವು ಅದುವರೆಗೆ ಒಂದೂವರೆ ಕೋಟಿಗೂ ಹೆಚ್ಚು ಪತ್ರಗಳನ್ನು ಕುಂದಿಲ್ಲದೆ ಓದಿತ್ತು. 2023ನೆಯ ಇಸವಿ ಆಗಸ್ಟ್ 28ರಂದು, ಸಾರ್ವಜನಿಕ ರಜೆಯ ದಿನ, ಅಮೆರಿಕದ ಲಾಸ್ ಏಂಜಲೀಸಿನಿಂದ ಪ್ಯಾರಿಸ್ಸಿಗೆ ಹೋಗುವ ಒಂದು ವಿಮಾನದ ಪತ್ರ ಬಂದಿತು. ಅದರ ದಾರಿಯಲ್ಲಿ ಎರಡು ಸ್ಥಳಗಳ ಸಂಕೇತನಾಮ ಒಂದೇ: ಫ್ರಾನ್ಸಿನ ದೋವಿಲ್, ಅಮೆರಿಕದ ಡೆವಿಲ್ಸ್ ಲೇಕ್, ಎರಡಕ್ಕೂ ‘ಡಿ ವಿ ಎಲ್’. ಯಂತ್ರವು ಒಂದನ್ನು ಇನ್ನೊಂದೆಂದು ಹಿಡಿದು, ದಾರಿಯು ತಾಳೆಯಾಗದೆ, ನಿಯಂತ್ರಕರಿಗೆ ತಪ್ಪು ಹೇಳುವುದಕ್ಕಿಂತ ಸುಮ್ಮನಿರುವುದೇ ಮೇಲೆಂದು ನಿಂತುಹೋಯಿತು. ಕೂಡಲೇ ಬದಲಿ ಯಂತ್ರವು ಕೆಲಸವನ್ನು ಕೈಗೆತ್ತಿಕೊಂಡು, ಅದೇ ಪತ್ರವನ್ನು ಅದೇ ರೀತಿ ಓದಿ, ಅದೇ ಗೊಂದಲಕ್ಕೆ ಸಿಕ್ಕಿ ತಾನೂ ನಿಂತಿತು. ಇಷ್ಟಕ್ಕೂ ಹಿಡಿದುದು ಇಪ್ಪತ್ತು ಸೆಕೆಂಡಿಗೆ ಮೀರದ ಹೊತ್ತು. ಏಳು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ತೊಂದರೆಗೊಳಗಾದರು. ಒಂದೇ ಬುದ್ಧಿಯ ಎರಡು ಪ್ರತಿಗಳಿದ್ದರೆ ಅವು ಇಬ್ಬರು ಸಾಕ್ಷಿಗಳಾಗುವುದಿಲ್ಲ. ಅಂಧಪರಂಪರಾನ್ಯಾಯವೆಂದು ಹೇಳುವುದು ಇದನ್ನೇ. ಮುಂದಿನ ಕುರುಡನು ಬಿದ್ದ ಹಳ್ಳಕ್ಕೆ ಹಿಂದಿನವನೂ ಬೀಳುತ್ತಾನೆ. ಆದರೆ ಆ ಯಂತ್ರವನ್ನು ಕಟ್ಟಿದವರಿಗೆ ಒಂದು ಮನ್ನಣೆ ಸಲ್ಲಬೇಕು: ಅದು ಸುಳ್ಳಾಡಲಿಲ್ಲ. ಮೌನದಿಂದ ಜನರಿಗೆ ಕಷ್ಟವಾಯಿತು. ಯಾರ ಪ್ರಾಣವೂ ಹೋಗಲಿಲ್ಲ. ಪತ್ರಗಳನ್ನು ಕೈಯಿಂದ ನಡಸಬಲ್ಲವರು ಇದ್ದುದರಿಂದ ಆಕಾಶವು ತೀರ ಮುಚ್ಚಲೂ ಇಲ್ಲ.

ಸುಳ್ಳಾಡುವ ಶಬ್ದದ ಮಾತು ಈಗ ಬರುತ್ತದೆ. ವಿಮಾನವು ಉಪಗ್ರಹದಿಂದ ಕೇಳಿ ತಿಳಿದ ತನ್ನ ಸ್ಥಾನವನ್ನು ಸಾರುವುದಾದರೆ, ಉಪಗ್ರಹದ ಧ್ವನಿಯನ್ನು ಅನುಕರಿಸಿ ಯಾರಾದರೂ ಅದಕ್ಕೆ ಸುಳ್ಳು ಹೇಳಿದರೆ? ಇದು ಊಹೆಯ ಮಾತಲ್ಲ. ಯುದ್ಧ ನಡೆಯುವ ಪ್ರದೇಶಗಳ ಸುತ್ತ ಇಂಥ ವಂಚನೆ ಕೆಲವು ವರ್ಷಗಳಿಂದ ಕಂಡುಬಂದಿದೆ; ದಿಲ್ಲಿಯ ವಿಮಾನನಿಲ್ದಾಣದ ಬಳಿಯೂ ಇದು ಕಂಡಿತೆಂದು ಭಾರತ ಸರಕಾರವು 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿಗೆ ತಿಳಿಸಿತು. ಬೆಂಗಳೂರಿನ ಕುಂದಲಹಳ್ಳಿಯಲ್ಲಿ ಮುಖ್ಯ ನಿಯಂತ್ರಣಕೇಂದ್ರವನ್ನು ಹೊಂದಿರುವ ‘ಗಗನ್’ ಎಂಬ ವ್ಯವಸ್ಥೆಯು ಉಪಗ್ರಹದ ಮಾತಿನಲ್ಲಿರುವ ಸಣ್ಣ ಪ್ರಮಾದಗಳನ್ನು ತಿದ್ದುವುದಕ್ಕೆ ಸಮರ್ಥವಾದುದು; ಅದು ಭಾರತೀಯ ವಿಜ್ಞಾನಿಗಳ ಹೆಮ್ಮೆಯ ಕೆಲಸವೂ ಹೌದು. ಆದರೆ ಪ್ರಮಾದವೇ ಬೇರೆ, ವಂಚನೆಯೇ ಬೇರೆ. ಮಾತು ತಪ್ಪಿದವನನ್ನು ತಿದ್ದಬಹುದು, ವೇಷಧಾರಿಯನ್ನು ಗುರುತಿಸಬೇಕಾದರೆ ಬೇರೊಂದು ಪ್ರಮಾಣ ಬೇಕು. ಆಗ ಒದಗುವುದು ನೆಲದ ಮೇಲಿನ ಹಳೆಯ ದಾರಿದೀಪಗಳಂಥ ರೇಡಿಯೋ ಸ್ತಂಭಗಳೂ ವಿಮಾನದ ಮಾತಿಗೆ ಕಾಯದೆ ತಾನೇ ನೋಡುವ ಹಳೆಯ ರೇಡಾರೂ. ದಿಲ್ಲಿಯಲ್ಲಿಯೂ ವಿಮಾನಗಳು ಆ ಹಳೆಯ ಕ್ರಮವನ್ನೇ ಆಶ್ರಯಿಸಿದವು. ಆದುದರಿಂದ ಅವುಗಳಲ್ಲಿ ಕನಿಷ್ಠವಾದ ಒಂದು ಜಾಲವನ್ನು ಉಳಿಸಿಕೊಳ್ಳುವುದು ಜಿಪುಣತನವೂ ಅಲ್ಲ, ಜಡತೆಯೂ ಅಲ್ಲ. ಅದೇ ವರ್ಷ ನವಂಬರ್ 7ರಂದು ದಿಲ್ಲಿಯಲ್ಲಿ ಸಂದೇಶಗಳನ್ನು ಹಂಚುವ ಯಂತ್ರವು ಕೆಟ್ಟು, ನೂರಾರು ವಿಮಾನಗಳು ತಡವಾದಾಗ ನಿಯಂತ್ರಕರು ಪ್ರಯಾಣಪತ್ರಗಳನ್ನು ಕೈಯಿಂದ ನಡಸಿದರು. ಆ ವಿದ್ಯೆ ಅವರ ಕೈಯಲ್ಲಿ ಇನ್ನೂ ಉಳಿದಿತ್ತು. ಇನ್ನೊಂದು ತಲೆಮಾರಿನಲ್ಲಿ ಉಳಿದಿರುವುದೇ ಎಂಬುದು ಸಂದೇಹ. ಯಂತ್ರಕ್ಕೆ ಹಣ ಮಂಜೂರಾಗುವಷ್ಟು ಸುಲಭವಾಗಿ ಅಭ್ಯಾಸಕ್ಕೆ ಹೊತ್ತು ಮಂಜೂರಾಗುವುದಿಲ್ಲ.

ಇಷ್ಟನ್ನು ಕೇಳಿದ ಆಡಳಿತಗಾರನು ಒಂದು ಆಕ್ಷೇಪವನ್ನು ಎತ್ತಬಹುದು. ಅಪಾಯವು ಶೂನ್ಯವಾಗುವವರೆಗೆ ಕಾದರೆ ಹೊಸದೆಂಬುದೇ ಬಾರದು. ಚರ್ಖೀ ದಾದ್ರಿಯು ಮರುಕಳಿಸಬಹುದು. ಅಳತೆಯಿಟ್ಟು ಅಪಾಯವನ್ನು ಒಪ್ಪಿಕೊಳ್ಳುವುದೇ ವಿವೇಕ, ಎಂದು. ಆಕ್ಷೇಪವು ಸರಿಯಾದುದು. ಆದರೆ ಅಳತೆಯನ್ನು ಯಾವ ಗಳಿಗೆಗೆ ಇಡುತ್ತಾರೆಂಬುದರಲ್ಲಿ ಮೋಸವಡಗಿದೆ. ಹಳೆಯ ಯಂತ್ರದ ಅಪಾಯ ಇಷ್ಟು, ಹೊಸದರದು ಅದಕ್ಕಿಂತ ಕಡಮೆ, ಆದುದರಿಂದ ಬದಲಾವಣೆಯು ಲಾಭವೆಂದು ಲೆಕ್ಕ ಬರೆಯುತ್ತಾರೆ. ಈ ಲೆಕ್ಕದಲ್ಲಿ ಎರಡು ದಡಗಳ ಎತ್ತರವುಂಟು, ನಡುವಣ ನೀರಿನ ಆಳವಿಲ್ಲ. ಆ ಆಳವನ್ನು ಅಳೆದವನು ದಾಟುವಾಗ ಹೊರೆಯನ್ನು ಕಡಮೆ ಮಾಡುತ್ತಾನೆ: ಪೀಠದಲ್ಲಿ ಒಬ್ಬನ ಬದಲು ಇಬ್ಬರನ್ನು ಕೂರಿಸುತ್ತಾನೆ, ಹೊಸದು ಕೆಲಕಾಲ ಹಳೆಯದರ ಪಕ್ಕದಲ್ಲಿ ನಡೆದು ತೋರಿಸುವವರೆಗೆ ಹಳೆಯದನ್ನು ಕಳಚುವುದಿಲ್ಲ, ಆಕಾಶದಲ್ಲಿ ವಿಮಾನಗಳ ಸಂಖ್ಯೆಯನ್ನು ಇಳಿಸುತ್ತಾನೆ. ಮೊದಲಿನ ಎರಡಕ್ಕೆ ಹಣ ಬೇಕು. ಮೂರನೆಯದಕ್ಕೆ ಧೈರ್ಯ ಬೇಕು. ಏಕೆಂದರೆ ವಿಮಾನವಿಲ್ಲದೆ ಉಳಿದ ಪ್ರಯಾಣಿಕನು ಬಯ್ಯುತ್ತಾನೆ, ಕಂಪನಿಯು ನಷ್ಟದ ಪಟ್ಟಿಯನ್ನು ಮುಂದಿಡುತ್ತದೆ, ಆಗದೆ ತಪ್ಪಿದ ದುರಂತಕ್ಕಾಗಿ ಕೃತಜ್ಞತೆ ಹೇಳಲು ಮಾತ್ರ ಯಾರೂ ಬರುವುದಿಲ್ಲ.

ಅಮೆರಿಕದ ನೂಅರ್ಕ್ ವಿಮಾನನಿಲ್ದಾಣಕ್ಕೆ ಬರುವ ವಿಮಾನಗಳ ನಿಯಂತ್ರಣವನ್ನು 2024ರ ಜುಲೈಯಲ್ಲಿ ನ್ಯೂಯಾರ್ಕಿನ ಕೇಂದ್ರದಿಂದ ಫಿಲಡೆಲ್ಫಿಯಕ್ಕೆ ಸ್ಥಳಾಂತರಿಸಿದರು. ರೇಡಾರಿನ ಚಿತ್ರವು ಮಾತ್ರ ನ್ಯೂಯಾರ್ಕಿನಿಂದ ತಂತಿಯ ಮೂಲಕವೇ ಬರಬೇಕಾಗಿತ್ತು. 2025ರ ಏಪ್ರಿಲ್ 28ರಂದು ಆ ಸಂಪರ್ಕವು ಕಡಿದು, ಸುಮಾರು ತೊಂಬತ್ತು ಸೆಕೆಂಡುಗಳ ಕಾಲ ನಿಯಂತ್ರಕರು ವಿಮಾನಗಳನ್ನು ಕಾಣದೆ, ಅವುಗಳೊಡನೆ ಮಾತನಾಡಲೂ ಆಗದೆ ಕುಳಿತರು. ಯಾವ ಢಿಕ್ಕಿಯೂ ಆಗಲಿಲ್ಲ. ಹಲವರು ನಿಯಂತ್ರಕರು ಮನಸ್ಸು ಕದಡಿ ರಜೆಯ ಮೇಲೆ ಹೋದರು. ಅದೇ ವರ್ಷ ಜುಲೈಯಲ್ಲಿ ಅಲ್ಲಿಯ ಶಾಸನಸಭೆಯು ದೇಶದ ನಿಯಂತ್ರಣ ವ್ಯವಸ್ಥೆಯನ್ನೆಲ್ಲ ಹೊಸದು ಮಾಡುವುದಕ್ಕಾಗಿ 1,250 ಕೋಟಿ ಡಾಲರುಗಳನ್ನು ಒದಗಿಸಿತು. ಇದಕ್ಕೂ ಮೊದಲು, ಮೇ ತಿಂಗಳಲ್ಲಿಯೇ, ಸರಕಾರವು ಒಂದು ಆಜ್ಞೆಯನ್ನು ಹೊರಡಿಸಿತ್ತು: ದುರಸ್ತಿ ನಡೆಯುವಷ್ಟು ದಿನ ನೂಅರ್ಕ್‌ನಲ್ಲಿ ಗಂಟೆಗೆ 28 ವಿಮಾನಗಳಿಗಿಂತ ಹೆಚ್ಚು ಇಳಿಯಕೂಡದು, 28ಕ್ಕಿಂತ ಹೆಚ್ಚು ಏರಕೂಡದು. ಆ ಆಜ್ಞೆಯ ತಾರೀಖು ತೊಂಬತ್ತು ಸೆಕೆಂಡುಗಳ ಕತ್ತಲೆಯಾದ ಮೇಲಿನದು. ಕಚೇರಿಯನ್ನು ಸ್ಥಳಾಂತರಿಸಿದ ದಿನದಿಂದ ಅದಕ್ಕೆ ಹತ್ತು ತಿಂಗಳಾಗಿತ್ತು.